ಗಜನಿ ಒಡ್ಡಿನ ನಕ್ಷೆಗೆ ಹೊಂದುವ ಟ್ಯಾಬ್ಲೆಟ್: ನಾಲ್ಕು ಇಳಿತಗಳ ದಾಖಲೆ

ಅಘನಾಶಿನಿ ಹೊಳೆ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ಕಡೆ, ಕುಮಟಾ ತಾಲ್ಲೂಕಿನ ನಮ್ಮ ಊರಿನವರಿಗೆ ಸುಮಾರು 40 ಹೆಕ್ಟೇರ್ ಗಜನಿ, ಅಂದರೆ ಉಪ್ಪುನೀರು ಬರುವ ಹೊಳೆದಂಡೆಯ ತಗ್ಗು ಗದ್ದೆ ಇದೆ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲು ಮುಗಿದ ನಂತರ ಜಂತ್ರಡಿಯ (ಒಡ್ಡಿನ ತೂಬಿನ) ಹಲಗೆ ಎತ್ತಿ ಭರತದ (ಉಬ್ಬರದ) ನೀರನ್ನು ಒಳಗೆ ಬಿಟ್ಟುಕೊಂಡು ಮೀನು, ಸಿಗಡಿ ಹಿಡಿಯುತ್ತಾರೆ. ಈ ಎರಡೂ ಬೆಳೆಗಳನ್ನು ಕಾಯುವುದು ಹೊಳೆಯ ಕಡೆಗಿರುವ ಮಣ್ಣಿನ ಒಡ್ಡು. ಅದು ಎಲ್ಲೋ ಒಂದು ಕಡೆ ಒಂದು ಗೇಣು ಕುಸಿದಿದ್ದರೂ ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಭರತದಲ್ಲಿ ನೀರು ಅಲ್ಲಿಂದಲೇ ನುಗ್ಗುತ್ತದೆ. 2022ರ ಮಳೆಗಾಲದಲ್ಲಿ ಹೀಗೆ ಉಪ್ಪುನೀರು ನುಗ್ಗಿ, ಆಗಷ್ಟೇ ಎದ್ದಿದ್ದ ಎಳೆಯ ಸಸಿಯ ಒಂದು ಭಾಗ ನಾಶವಾಯಿತು. ಮುಂದಿನ ದುರಸ್ತಿಗೆ ಮೊದಲು ಒಡ್ಡಿನ ಉದ್ದಕ್ಕೂ ತಗ್ಗುಗಳು ಎಲ್ಲಿವೆ ಎಂಬುದನ್ನು ಅಳತೆ ಸಹಿತ ತಿಳಿಯಬೇಕೆಂದು ಊರಿನವರು ತೀರ್ಮಾನಿಸಿದಾಗ, ನನ್ನ ಡ್ರೋನ್‌ನಿಂದ ನಕ್ಷೆ ಮಾಡಿಕೊಡುತ್ತೇನೆಂದು ನಾನು ಒಪ್ಪಿಕೊಂಡೆ. ಹಾರಿಸುವ ಕೆಲಸ ಎರಡು ಬೆಳಗಿನದು. ಆದರೆ ಆ ಡ್ರೋನ್‌ಗೆ, ಆ ಆ್ಯಪ್‌ಗೆ ಮತ್ತು ಆ ಬಿಸಿಲಿಗೆ ಒಟ್ಟಿಗೆ ಹೊಂದುವ ಟ್ಯಾಬ್ಲೆಟ್ ಸಿಗುವವರೆಗೆ 2023ರ ಜನವರಿಯಿಂದ ಮಾರ್ಚ್‌ವರೆಗೆ ಆರು ವಾರ ಹಿಡಿಯಿತು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲೆಂದು ಆ ಆರು ವಾರಗಳನ್ನು ಕ್ರಮವಾಗಿ ಬರೆದಿಟ್ಟಿದ್ದೇನೆ.

ಕೆಲಸದ ಷರತ್ತುಗಳು

ನನ್ನಲ್ಲಿರುವುದು 2019ರಲ್ಲಿ ಕೊಂಡ, ಡಿಜೆಐ ಕಂಪನಿಯ ಫ್ಯಾಂಟಮ್ 4 ಪ್ರೊ ಡ್ರೋನ್. ತೂಕ 1,388 ಗ್ರಾಂ. ಆದ್ದರಿಂದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂನಿಂದ 2 ಕಿಲೋದವರೆಗಿನ ಮೈಕ್ರೊ ವರ್ಗಕ್ಕೆ ಸೇರುತ್ತದೆ. ನೋಂದಣಿ ಸಂಖ್ಯೆ ಪಡೆದಿದ್ದೇನೆ. 2022ರ ಫೆಬ್ರುವರಿಯಲ್ಲಿ ವಿದೇಶಿ ಡ್ರೋನ್‌ಗಳ ಆಮದನ್ನು ಸರ್ಕಾರ ನಿಷೇಧಿಸಿದ ಮೇಲೆ ಇದನ್ನು ಮಾರಿ ಇಂಥದ್ದೇ ಹೊಸದನ್ನು ಕೊಳ್ಳುವ ದಾರಿ ಮುಚ್ಚಿತು; ಹೀಗಾಗಿ ಟ್ಯಾಬ್ಲೆಟ್ಟೇ ಡ್ರೋನ್‌ಗೆ ಹೊಂದಬೇಕಾಗಿತ್ತು. ಮೊದಲು ರಿಮೋಟ್‌ಗೆ ಜೋಡಿಸುತ್ತಿದ್ದ ಐದೂವರೆ ಇಂಚಿನ ಫೋನ್ ಬ್ಯಾಟರಿ ಉಬ್ಬಿ ಕೆಟ್ಟುಹೋಗಿತ್ತು. ಅಲ್ಲದೆ ಅಷ್ಟು ಸಣ್ಣ ಪರದೆಯಲ್ಲಿ ಒಡ್ಡಿನ ಅಂಕುಡೊಂಕಾದ ಗಡಿಯನ್ನು ಬೆರಳಿನಿಂದ ಎಳೆಯುವುದು ಬಹಳ ಕಷ್ಟವಾಗಿತ್ತು.

ಹಾರಾಟದ ಲೆಕ್ಕವನ್ನು ಮೊದಲೇ ಮಾಡಿಕೊಂಡಿದ್ದೆ. ಈ ಡ್ರೋನ್‌ನ ಕ್ಯಾಮೆರಾ 80 ಮೀಟರ್ ಎತ್ತರದಿಂದ ಒಂದು ಚಿತ್ರದಲ್ಲಿ 120 ಮೀಟರ್ ಅಗಲ, 80 ಮೀಟರ್ ಉದ್ದದ ನೆಲವನ್ನು ಹಿಡಿಯುತ್ತದೆ; ಒಂದು ಪಿಕ್ಸೆಲ್‌ಗೆ ನೆಲದ ಮೇಲೆ ಸುಮಾರು 2.2 ಸೆಂಟಿಮೀಟರ್ ಬೀಳುತ್ತದೆ. ಪಕ್ಕದ ಸಾಲುಗಳ ನಡುವೆ ಶೇ 70, ಮುಂದಿನ ಚಿತ್ರಕ್ಕೆ ಶೇ 80 ಮೇಲುಹೊದಿಕೆ (ಒಂದು ಚಿತ್ರದ ಮೇಲೆ ಇನ್ನೊಂದು ಬೀಳುವ ಭಾಗ) ಇಟ್ಟುಕೊಂಡರೆ ಸಾಲಿನಿಂದ ಸಾಲಿಗೆ 36 ಮೀಟರ್, ಚಿತ್ರದಿಂದ ಚಿತ್ರಕ್ಕೆ 16 ಮೀಟರ್ ಅಂತರ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಎರಡು ಸೆಕೆಂಡಿಗೊಂದು ಚಿತ್ರ. ಗಜನಿಯನ್ನು 400 ಮೀಟರ್ ಉದ್ದ, 250 ಮೀಟರ್ ಅಗಲದ ನಾಲ್ಕು ತುಂಡುಗಳಾಗಿ ಮಾಡಿದರೆ ಪ್ರತಿ ತುಂಡಿಗೆ ಎಂಟು ಸಾಲು, ಸುಮಾರು 200 ಚಿತ್ರ, ತಿರುವುಗಳೂ ಸೇರಿ ಹತ್ತು ನಿಮಿಷದ ಹಾರಾಟ. ಇಂಥ ಜಾಲದ ಹಾರಾಟವನ್ನು ಕೈಯಿಂದ ಮಾಡಲಾಗುವುದಿಲ್ಲ; ಟ್ಯಾಬ್ಲೆಟ್‌ನಲ್ಲಿ ನಕ್ಷೆಯ ಆ್ಯಪ್ ನಡೆಯಲೇಬೇಕು. ನಾನು ಆರಿಸಿಕೊಂಡದ್ದು ಪಿಕ್ಸ್4ಡಿ ಕ್ಯಾಪ್ಚರ್.

ಎಲ್ಲಕ್ಕಿಂತ ಬಿಗಿಯಾದ ಷರತ್ತು ನೀರಿನದು. ಒಡ್ಡಿನ ಬುಡ ಕಾಣಬೇಕಾದರೆ ಇಳಿತದ ಹೊತ್ತಾಗಿರಬೇಕು. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ನೀರು ಕನ್ನಡಿಯಂತೆ ಹೊಳೆದು ಚಿತ್ರಗಳು ಜೋಡಣೆಯಾಗುವುದಿಲ್ಲವಾದ್ದರಿಂದ ಬೆಳಗಿನ ಹೊತ್ತೇ ಆಗಬೇಕು. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ನಾಲ್ಕೈದು ದಿನಕ್ಕೆ ಇಳಿತವು ಬೆಳಿಗ್ಗೆ ಎಂಟು, ಒಂಬತ್ತರ ಆಸುಪಾಸಿಗೆ ಬರುತ್ತದೆ. ಅಂದರೆ ಹದಿನೈದು ದಿನಕ್ಕೊಮ್ಮೆ ಎರಡೋ ಮೂರೋ ಬೆಳಗು ಮಾತ್ರ. ಒಂದು ಟ್ಯಾಬ್ಲೆಟ್ ಗದ್ದೆಯಲ್ಲಿ ಕೈಕೊಟ್ಟರೆ ನಷ್ಟವಾಗುವುದು ಒಂದು ಪಕ್ಷ.

ಮೊದಲ ಇಳಿತ, ಜನವರಿ 27: ಮನೆಯಲ್ಲಿದ್ದ ಹತ್ತು ಇಂಚು

2020ರಲ್ಲಿ ಆನ್‌ಲೈನ್ ತರಗತಿಗೆಂದು ತಂಗಿಯ ಮಗನಿಗೆ ಕೊಡಿಸಿದ್ದ ಹತ್ತು ಇಂಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ ಮನೆಯಲ್ಲಿತ್ತು: ಎರಡು ಜಿಬಿ ರ್‍ಯಾಮ್, ವೈಫೈ ಮಾತ್ರ, ಸಿಮ್ ಜಾಗ ಇಲ್ಲ. ಖರ್ಚಿಲ್ಲದೆ ಆಗುವುದಾದರೆ ಆಗಲಿ ಎಂದು ಅದನ್ನೇ ಮೊದಲು ಹಿಡಿದೆ. ಮನೆಯ ಜಗಲಿಯಲ್ಲಿ ಕುಳಿತು ಜೋಡಿಸಿದಾಗ ಡ್ರೋನ್‌ನ ಚಿತ್ರ ಬಂತು. ಅಷ್ಟಕ್ಕೇ ನಂಬಿ ಗಜನಿಗೆ ಹೋದದ್ದು ಮೊದಲ ತಪ್ಪು.

ಅಲ್ಲಿ ಮೂರು ತೊಂದರೆಗಳು ಒಂದರ ಹಿಂದೆ ಒಂದು ಬಂದವು. ಆ ಟ್ಯಾಬ್ಲೆಟ್‌ನಲ್ಲಿ ಜಿಪಿಎಸ್ ಇರಲಿಲ್ಲ. ಡ್ರೋನ್‌ಗೆ ತನ್ನದೇ ಜಿಪಿಎಸ್ ಇರುವುದರಿಂದ ಹಾರಾಟಕ್ಕೆ ಅಡ್ಡಿಯಿಲ್ಲ ಎಂದುಕೊಂಡಿದ್ದೆ, ಅದು ಸರಿಯೂ ಹೌದು. ಆದರೆ ನಕ್ಷೆಯ ಆ್ಯಪ್ ತೆರೆದಾಗ ನಾನು ನಿಂತ ಜಾಗ ಯಾವುದೆಂದು ಅದಕ್ಕೆ ಗೊತ್ತಾಗಲಿಲ್ಲ. ಜಾಲದ ಚೌಕವನ್ನು ಗಜನಿಯ ಮೇಲೆ ತಂದು ಕೂರಿಸಲು ಖಾಲಿ ಬೂದು ಹಿನ್ನೆಲೆಯಲ್ಲಿ ಹುಡುಕಬೇಕಾಯಿತು. ಏಕೆಂದರೆ ಅಲ್ಲಿ ಅಂತರ್ಜಾಲ ಇರಲಿಲ್ಲ, ಉಪಗ್ರಹ ಚಿತ್ರವೂ ಇಳಿಯಲಿಲ್ಲ. ಹೇಗೋ ಚೌಕ ಕೂರಿಸಿ ಹಾರಾಟದ ಯೋಜನೆಯನ್ನು ಡ್ರೋನ್‌ಗೆ ಕಳುಹಿಸುವಾಗ ಆ್ಯಪ್ ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆದೆ, ಮತ್ತೆ ಮುಚ್ಚಿತು. ಎರಡು ಜಿಬಿ ನೆನಪಿನಲ್ಲಿ ನೇರ ವಿಡಿಯೊ, ನಕ್ಷೆ, ಯೋಜನೆ ಮೂರೂ ಒಟ್ಟಿಗೆ ನಿಲ್ಲಲಿಲ್ಲ. ಮೂರನೆಯದು ತೂಕ. ಅರ್ಧ ಕಿಲೋ ಹತ್ತಿರದ ಟ್ಯಾಬ್ಲೆಟ್ ರಿಮೋಟ್‌ನ ಹಿಡಿಕೆಯಲ್ಲಿ ಕೂತಿತಾದರೂ ಇಡೀ ರಿಮೋಟ್ ಮುಂದಕ್ಕೆ ವಾಲುತ್ತಿತ್ತು. ಕತ್ತಿನ ಪಟ್ಟಿ ಇಲ್ಲದೆ ಎರಡೂ ಹೆಬ್ಬೆರಳನ್ನು ಕೋಲುಗಳ ಮೇಲೆ ಇಡಲಾಗುತ್ತಿರಲಿಲ್ಲ.

ಒಂಬತ್ತೂವರೆಗೆ ನೀರು ಮರಳತೊಡಗಿತು. ಒಂದೂ ಚಿತ್ರ ತೆಗೆಯದೆ ಹಿಂದಿರುಗಿದೆ.

ಫೆಬ್ರುವರಿ 1ರಿಂದ 9: ಎಂಟು ಇಂಚು, ಮತ್ತು ಕೇಬಲ್‌ನ ಪಾಠ

ಈ ಸಲ ಷರತ್ತುಗಳನ್ನು ಕಾಗದದ ಮೇಲೆ ಬರೆದುಕೊಂಡೆ: ಎಂಟು ಇಂಚು, ಕನಿಷ್ಠ ನಾಲ್ಕು ಜಿಬಿ ರ್‍ಯಾಮ್, ಜಿಪಿಎಸ್, ಸಿಮ್. ಇಷ್ಟಕ್ಕೆ ಹೊಂದುವ ಹೊಸ ಆಂಡ್ರಾಯ್ಡ್ ಟ್ಯಾಬ್ಲೆಟ್ ಒಂದನ್ನು 15,800 ರೂಪಾಯಿಗೆ ಕೊಂಡೆ. ಪರದೆಯ ಬೆಳಕಿನ ಅಳತೆಯನ್ನು ಪಟ್ಟಿಯಲ್ಲಿ ಬರೆಯಲೇ ಇಲ್ಲ. ಅದಕ್ಕೆ ಮುಂದೆ ಬೆಲೆ ತೆತ್ತೆ.

ಮನೆಯಲ್ಲಿ ಜೋಡಣೆಯೇ ಮೂರು ದಿನ ತಿಂದಿತು. ಟ್ಯಾಬ್ಲೆಟ್‌ಗೆ ಬೇರೆ ಸಾಧನ ಜೋಡಿಸಲು ಒಟಿಜಿ ಬೇಕೆಂಬ ತಿಳಿವಳಿಕೆಯಿಂದ 150 ರೂಪಾಯಿಯ ಒಟಿಜಿ ಅಡಾಪ್ಟರ್ ತಂದು ಸೇರಿಸಿದೆ, ಸಂಪರ್ಕ ಬರಲಿಲ್ಲ. ಈ ಡ್ರೋನ್‌ನ ರಿಮೋಟ್‌ನಲ್ಲಿರುವುದು ಸಾಮಾನ್ಯ ದೊಡ್ಡ ಯುಎಸ್‌ಬಿ ಕಿಂಡಿ, ಮತ್ತು ಅಲ್ಲಿ ಯಜಮಾನಿಕೆ ರಿಮೋಟ್‌ನದೇ. ಟ್ಯಾಬ್ಲೆಟ್ ಅದಕ್ಕೆ ಜೋಡಿಸಿದ ಉಪಕರಣ. ಒಟಿಜಿ ಹಾಕಿದಾಗ ಟ್ಯಾಬ್ಲೆಟ್ ಕೂಡ ಯಜಮಾನನಾಗಲು ಹೊರಟು ಎರಡೂ ಒಂದನ್ನೊಂದು ಗುರುತಿಸುವುದಿಲ್ಲ. ಇದು ಅರ್ಥವಾಗಿ ಅಡಾಪ್ಟರ್ ತೆಗೆದು ಪೇಟೆಯಲ್ಲಿ 120 ರೂಪಾಯಿಗೆ ಸಿಕ್ಕ ಕೇಬಲ್ ಹಾಕಿದೆ. ಟ್ಯಾಬ್ಲೆಟ್ ಚಾರ್ಜ್ ಆಗತೊಡಗಿತು, ಡ್ರೋನ್ ಮಾತ್ರ ಕಾಣಲಿಲ್ಲ. ಆ ಕೇಬಲ್‌ನೊಳಗೆ ಕರೆಂಟಿನ ಎರಡು ತಂತಿಗಳಷ್ಟೇ ಇದ್ದವು, ಮಾಹಿತಿ ಸಾಗಿಸುವ ತಂತಿಗಳಿರಲಿಲ್ಲ. ಹೊರನೋಟಕ್ಕೆ ಎರಡು ಬಗೆಯ ಕೇಬಲ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ. ಅಂಗಡಿಯಲ್ಲೇ ಕಂಪ್ಯೂಟರ್‌ಗೆ ಸಿಕ್ಕಿಸಿ ಕಡತ ಸಾಗಿಸಿ ನೋಡಿ ಕೊಂಡ, 30 ಸೆಂಟಿಮೀಟರ್ ಉದ್ದದ 450 ರೂಪಾಯಿಯ ಕೇಬಲ್‌ಗೆ ಡ್ರೋನ್ ತಕ್ಷಣ ಒಲಿಯಿತು.

ಮುಂದಿನ ಗಂಟು ಆ್ಯಪ್‌ಗಳ ನಡುವಿನದು. ಫ್ಯಾಂಟಮ್ ಹಾರಿಸಲು ಡಿಜೆಐ ಗೋ 4 ಆ್ಯಪ್ ಬೇಕು. ನಕ್ಷೆಗೆ ಪಿಕ್ಸ್4ಡಿ ಕ್ಯಾಪ್ಚರ್ ಬೇಕು. ಆಂಡ್ರಾಯ್ಡ್‌ನಲ್ಲಿ ಪಿಕ್ಸ್4ಡಿ ಕ್ಯಾಪ್ಚರ್ ನೇರವಾಗಿ ಆಗ ಈ ಡ್ರೋನ್ ಜೊತೆ ಮಾತಾಡುತ್ತಿರಲಿಲ್ಲ. ನಡುವೆ ಕಂಟ್ರೋಲ್ ಪ್ಲಸ್ ಡಿಜೆಐ ಎಂಬ ಇನ್ನೊಂದು ಆ್ಯಪ್ ಹಾಕಿಕೊಳ್ಳಬೇಕಿತ್ತು. ಕೇಬಲ್ ಸಿಕ್ಕಿಸಿದ ಕೂಡಲೇ ಈ ಸಾಧನಕ್ಕೆ ಯಾವ ಆ್ಯಪ್ ತೆರೆಯಬೇಕೆಂದು ಆಂಡ್ರಾಯ್ಡ್ ಕೇಳುತ್ತದೆ. ಮೊದಲ ದಿನ ನಾನು ಡಿಜೆಐ ಗೋ 4 ಆರಿಸಿ ‘ಯಾವಾಗಲೂ’ ಎಂದು ಒತ್ತಿಬಿಟ್ಟೆ. ಅಂದಿನಿಂದ ಕೇಬಲ್ ಸಿಕ್ಕಿಸಿದಾಗಲೆಲ್ಲ ಅದೇ ಎದ್ದು ಸಂಪರ್ಕವನ್ನು ಹಿಡಿದುಕೊಳ್ಳುತ್ತಿತ್ತು, ನಕ್ಷೆಯ ಆ್ಯಪ್‌ಗೆ ಡ್ರೋನ್ ಸಿಗುತ್ತಲೇ ಇರಲಿಲ್ಲ. ಎರಡು ಸಂಜೆ ಕಳೆದ ಮೇಲೆ ತಿಳಿಯಿತು: ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಪೂರ್ವನಿಗದಿ ಆಯ್ಕೆಯನ್ನು ಅಳಿಸಬೇಕು, ಅದನ್ನು ಪೂರ್ತಿಯಾಗಿ ನಿಲ್ಲಿಸಬೇಕು, ಆಮೇಲೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿ ‘ಈ ಸಲ ಮಾತ್ರ’ ಎಂದು ನಡುವಿನ ಆ್ಯಪ್ ಆರಿಸಬೇಕು. ಈ ಕ್ರಮವನ್ನು ಚೀಟಿಯಲ್ಲಿ ಬರೆದು ರಿಮೋಟ್‌ನ ಹಿಂಭಾಗಕ್ಕೆ ಅಂಟಿಸಿದೆ. ಫೆಬ್ರುವರಿ 9ರಂದು ಊರಿನ ಆಟದ ಮೈದಾನದ ಮೇಲೆ ಒಂದು ಸಣ್ಣ ಜಾಲ ಪೂರ್ತಿ ಹಾರಿ ಇಳಿಯಿತು.

ಎರಡನೆಯ ಇಳಿತ, ಫೆಬ್ರುವರಿ 11: ಕಾಣದ ಪರದೆ

ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಮ್ಮ ಜಾಗ ಹಸಿರು ವಲಯದಲ್ಲಿರುವುದನ್ನು ಹಿಂದಿನ ಸಂಜೆ ನೋಡಿಕೊಂಡೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್‌ವರೆಗೆ ಹಾರಿಸಬಹುದು. ನಮ್ಮ 80 ಮೀಟರ್ ಅದರೊಳಗೇ ಇತ್ತು. ಕಾರವಾರದ ಕಡೆಯವರು ಈ ನಕ್ಷೆಯನ್ನು ನೋಡದೆ ಡ್ರೋನ್ ಪೆಟ್ಟಿಗೆಯನ್ನೇ ತೆರೆಯಬಾರದು. ಅರ್ಗಾದ ನೌಕಾನೆಲೆ, ಕೈಗಾ ಅಣುಸ್ಥಾವರ ಎರಡೂ ಆ ತಾಲ್ಲೂಕಿನಲ್ಲೇ ಇವೆ.

ಬೆಳಿಗ್ಗೆ ಎಂಟಕ್ಕೆ ಒಡ್ಡಿನ ಮೇಲೆ ನಿಂತಾಗ ನನ್ನ ಮುಂದೆ ಹೊಳೆ, ಹಿಂದೆ ಗಜನಿಯ ತೆಳುನೀರು, ಮೇಲೆ ಬಿಸಿಲು. ಮೂರೂ ಕಡೆಯಿಂದ ಬೆಳಕು ಪರದೆಗೆ ಬಡಿಯುತ್ತಿತ್ತು. ಮೈದಾನದಲ್ಲಿ ಸಂಜೆ ಐದಕ್ಕೆ ಚೆನ್ನಾಗಿ ಕಂಡಿದ್ದ ಪರದೆಯಲ್ಲಿ ಇಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಬೆಳಕನ್ನು ತುದಿಗೆ ಏರಿಸಿದ್ದರೂ ಬ್ಯಾಟರಿಯ ಅಂಕಿ ಓದಲು ತಲೆಯ ಮೇಲೆ ಟವಲು ಹೊದ್ದು ಬಗ್ಗಬೇಕಾಯಿತು. ತಂಪು ಕನ್ನಡಕ ಹಾಕಿದ್ದರಿಂದ ಇನ್ನೂ ಕೆಟ್ಟಿತು. ಅದು ಪೋಲರೈಸ್ಡ್ ಗಾಜಿನದಾಗಿದ್ದು, ಟ್ಯಾಬ್ಲೆಟ್ ಅಡ್ಡ ಹಿಡಿದಾಗ ಪರದೆ ಪೂರ್ತಿ ಕಪ್ಪಾಗಿ ಕಾಣುತ್ತಿತ್ತು. ಪರದೆಯೇ ಆರಿತೆಂದು ಗಾಬರಿಪಟ್ಟು, ಕನ್ನಡಕ ತೆಗೆದ ಮೇಲೆ ಕಾರಣ ತಿಳಿಯಿತು.

ಆದರೂ ಮೊದಲ ತುಂಡನ್ನು ಹಾರಿಸಿದೆ. ಐದನೆಯ ಸಾಲಿನಲ್ಲಿದ್ದಾಗ ಟ್ಯಾಬ್ಲೆಟ್‌ನ ಬೆನ್ನು ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಪರದೆ ತಾನಾಗಿ ಮಬ್ಬಾಯಿತು, ನಂತರ ನೇರ ಚಿತ್ರ ನಿಂತಿತು, ಕೊನೆಗೆ ಆ್ಯಪ್ ಸಂಪರ್ಕ ಕಡಿದಿದೆ ಎಂದಿತು. ಡ್ರೋನ್ ಇನ್ನೂ ಗಾಳಿಯಲ್ಲಿತ್ತು, ಆ ಹೊತ್ತಿಗೆ ಸರಿಯಾಗಿ ಒಂದು ಗರುಡ ಅದರ ಸುತ್ತ ಹಾರತೊಡಗಿತ್ತು. ಹೀಗಾದಾಗ ನೆನಪಿಡಬೇಕಾದ ಸಂಗತಿ ಒಂದೇ: ಡ್ರೋನ್‌ಗೂ ರಿಮೋಟ್‌ಗೂ ಇರುವ ಸಂಪರ್ಕ ಟ್ಯಾಬ್ಲೆಟ್ ಮೂಲಕ ಹೋಗುವುದಿಲ್ಲ. ಟ್ಯಾಬ್ಲೆಟ್ ಸತ್ತರೂ ಕೋಲುಗಳು ಕೆಲಸ ಮಾಡುತ್ತವೆ, ಮನೆಗೆ ಮರಳುವ ಗುಂಡಿಯೂ ಕೆಲಸ ಮಾಡುತ್ತದೆ. ನಾನು ಟ್ಯಾಬ್ಲೆಟ್ ಕಡೆಗೆ ನೋಡುವುದನ್ನು ಬಿಟ್ಟು ಆ ಗುಂಡಿಯನ್ನು ಒತ್ತಿ ಹಿಡಿದೆ; ಡ್ರೋನ್ ಎದ್ದ ಜಾಗಕ್ಕೇ ಬಂದು ಇಳಿಯಿತು. ಕೈ ನಡುಗುತ್ತಿದ್ದುದರಿಂದ ಅಂದು ಮತ್ತೆ ಹಾರಿಸಲಿಲ್ಲ.

ಮನೆಗೆ ಬಂದು ನೋಡಿದಾಗ ಆ ಟ್ಯಾಬ್ಲೆಟ್‌ನ ಪರದೆಯ ಬೆಳಕು 350 ನಿಟ್ಸ್ ಎಂದು ಪೆಟ್ಟಿಗೆಯ ಮೇಲೆಯೇ ಮುದ್ರಿಸಿತ್ತು. ಕೊಳ್ಳುವ ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಫೆಬ್ರುವರಿ 13ರಿಂದ 22: ಸೆಕೆಂಡ್ ಹ್ಯಾಂಡ್ ಐಪ್ಯಾಡ್ ಮಿನಿ

ಬಿಸಿಲಿಗೆಂದೇ ಮಾಡಿದ, 1,000 ನಿಟ್ಸ್‌ಗೂ ಮೇಲಿನ ಪರದೆಗಳಿವೆ. ಅವುಗಳ ಬೆಲೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಕೈಗೆಟುಕುವುದರಲ್ಲಿ ಹೆಚ್ಚು ಬೆಳಕಿನದು, ರಿಮೋಟ್‌ಗೆ ಭಾರವಾಗದ್ದು, ಎರಡೂ ಆ್ಯಪ್ ನಡೆಸುವಂಥದ್ದು ಯಾವುದೆಂದು ಹುಡುಕುತ್ತ ಹೋದಾಗ 2019ರ ಐದನೆಯ ಪೀಳಿಗೆಯ ಐಪ್ಯಾಡ್ ಮಿನಿ ಎದುರಾಯಿತು: 7.9 ಇಂಚು, 500 ನಿಟ್ಸ್, ತೂಕ 308 ಗ್ರಾಂ. ಐಪ್ಯಾಡ್‌ನಲ್ಲಿ ಪಿಕ್ಸ್4ಡಿ ಕ್ಯಾಪ್ಚರ್‌ಗೆ ನಡುವಿನ ಆ್ಯಪ್ ಬೇಕಿರಲಿಲ್ಲ. ಡಿಜೆಐ ಕಂಪನಿಯದೇ ನಕ್ಷೆಯ ಆ್ಯಪ್ ಜಿಎಸ್ ಪ್ರೊ ಐಪ್ಯಾಡ್‌ಗೆ ಮಾತ್ರ ಮಾಡಿದ್ದು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂಬ ಲೆಕ್ಕವೂ ಇತ್ತು.

ಇಲ್ಲಿ ಎಡವುವವರು ಬಹಳ ಎಂಬ ಕಾರಣಕ್ಕೆ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಇರುವುದಿಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಇರುತ್ತದೆ. ಸಿಮ್ ಹಾಕದಿದ್ದರೂ ಅದು ಕೆಲಸ ಮಾಡುತ್ತದೆ. ವೈಫೈ ಮಾದರಿ ಮೂರು ಸಾವಿರ ಕಡಿಮೆಗೆ ಸಿಗುತ್ತಿತ್ತು. ಜನವರಿಯ ಬೂದು ನಕ್ಷೆ ನೆನಪಿದ್ದುದರಿಂದ ಆ ಕಡೆ ಹೋಗಲಿಲ್ಲ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 24,500 ರೂಪಾಯಿಗೆ ಸಿಕ್ಕಿತು. ಈ ಸಲ ರಿಮೋಟ್, ಡ್ರೋನ್, ಕೇಬಲ್ ಮೂರನ್ನೂ ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ. ಡ್ರೋನ್‌ನ ರೆಕ್ಕೆಗಳನ್ನು ಬಿಚ್ಚಿಟ್ಟು, ಅಂಗಡಿಯವರ ಅನುಮತಿ ಪಡೆದು, ಎರಡೂ ಆ್ಯಪ್ ಇಳಿಸಿ, ನೇರ ಚಿತ್ರ ಬರುವುದನ್ನು ನೋಡಿದೆ. ಬಳಿಕ ಅಂಗಡಿಯ ಹೊರಗೆ, ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ಹಿಡಿದು ನಿಂತೆ. ಬ್ಯಾಟರಿ ಶೇ 9 ಇಳಿಯಿತು. ಪರದೆ ಮಬ್ಬಾಯಿತಾದರೂ ಅಂಕಿಗಳು ಕಾಣುತ್ತಿದ್ದವು. ಹಳೆಯ ಮಾಲೀಕರ ಖಾತೆ ಪೂರ್ತಿ ಅಳಿದಿರುವುದನ್ನು ಅಲ್ಲೇ ಖಚಿತಪಡಿಸಿಕೊಂಡೆ. ಅದು ಉಳಿದಿದ್ದರೆ ಆ ಐಪ್ಯಾಡ್ ಎಷ್ಟು ಅಗ್ಗವಾದರೂ ಪ್ರಯೋಜನವಿಲ್ಲ. ಎಂಟು ಇಂಚಿನ ಆಂಡ್ರಾಯ್ಡನ್ನು ಪರಿಚಯದ ಶಿಕ್ಷಕಿಯೊಬ್ಬರಿಗೆ 11,500ಕ್ಕೆ ಕೊಟ್ಟೆ. ಅವರು ಅದನ್ನು ಮನೆಯೊಳಗೆ ಬಳಸುತ್ತಾರೆ, ಅಲ್ಲಿ ಅದು ಚೆನ್ನಾಗಿಯೇ ಇದೆ.

ಅಂತರ್ಜಾಲವಿಲ್ಲದ ಜಾಗದ ತೊಂದರೆಗೂ ಪರಿಹಾರ ಸಿಕ್ಕಿತು. ಮನೆಯ ವೈಫೈನಲ್ಲಿ ನಾಲ್ಕೂ ತುಂಡುಗಳ ಯೋಜನೆಯನ್ನು ಮೊದಲೇ ಎಳೆದು ಉಳಿಸಿದೆ, ಉಪಗ್ರಹ ಚಿತ್ರವನ್ನು ಗಜನಿಯ ಮೇಲೆ ಹಿಗ್ಗಿಸಿ ನೋಡಿ ಟ್ಯಾಬ್ಲೆಟ್‌ನಲ್ಲಿ ಉಳಿಯುವಂತೆ ಮಾಡಿದೆ, ನಂತರ ಏರೋಪ್ಲೇನ್ ಮೋಡ್‌ನಲ್ಲಿ ಆ್ಯಪ್ ಮತ್ತೆ ತೆರೆದು ಎಲ್ಲವೂ ಇದೆಯೇ ಎಂದು ಪರೀಕ್ಷಿಸಿದೆ. ಈ ಕೊನೆಯ ಹೆಜ್ಜೆ ಮುಖ್ಯ. ಮೊದಲ ಸಲ ಪರೀಕ್ಷಿಸಿದಾಗ ಮೂರನೆಯ ತುಂಡಿನ ಹಿನ್ನೆಲೆ ಖಾಲಿಯಿತ್ತು.

ಮೂರನೆಯ ಇಳಿತ, ಫೆಬ್ರುವರಿ 25: ತಪ್ಪು ಕೊಪ್ಪೆ

ಬಿಸಿಲು ತಡೆಯಲು ರಟ್ಟಿನಿಂದ ಒಂದು ಮುಚ್ಚಿಗೆ ಮಾಡಿದ್ದೆ. ಮಳೆಯಲ್ಲಿ ಗದ್ದೆಗೆ ಹೋಗುವವರು ತಲೆಯಿಂದ ಬೆನ್ನಿನವರೆಗೆ ಹೊದೆಯುವ ಕೊಪ್ಪೆಯ ಆಕಾರವೇ ಮನಸ್ಸಿನಲ್ಲಿತ್ತು: ಮೇಲೆ, ಎರಡು ಪಕ್ಕ ಮತ್ತು ಬೆನ್ನು ಪೂರ್ತಿ ಮುಚ್ಚಿ, ಎದುರು ಮಾತ್ರ ತೆರೆದಿರುವಂತೆ. ಒಳಗೆ ಕಪ್ಪು ಕಾಗದ ಅಂಟಿಸಿದೆ. ಖರ್ಚು 140 ರೂಪಾಯಿ. ಪರದೆ ಅದ್ಭುತವಾಗಿ ಕಾಣುತ್ತಿತ್ತು. ಮೊದಲ ತುಂಡು ಪೂರ್ತಿಯಾಗಿ, ಒಂದೂ ತಡೆಯಿಲ್ಲದೆ 208 ಚಿತ್ರಗಳೊಂದಿಗೆ ಮುಗಿಯಿತು.

ಎರಡನೆಯ ತುಂಡಿನ ಮೂರನೆಯ ಸಾಲಿನಲ್ಲಿ ಐಪ್ಯಾಡ್ ಬಿಸಿಯ ಎಚ್ಚರಿಕೆ ತೋರಿಸಿತು. ಈ ಸಾಧನವನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣದಲ್ಲಿ ಬಳಸಬೇಕೆಂದು ತಯಾರಕರೇ ಹೇಳುತ್ತಾರೆ. ಹೊರಗಿನ ಗಾಳಿ 31 ಡಿಗ್ರಿ ಇತ್ತು, ಆದರೆ ನಾನು ಬೆನ್ನು ಮುಚ್ಚಿದ ರಟ್ಟಿನ ಗೂಡಿನೊಳಗೆ ಗಾಳಿ ಆಡುತ್ತಿರಲಿಲ್ಲ. ಕಪ್ಪು ಕಾಗದ ಶಾಖವನ್ನು ಹೀರುತ್ತಿತ್ತು. ರಿಮೋಟ್‌ನಿಂದ ಬರುವ ಚಾರ್ಜ್ ಕೂಡ ಒಳಗಿನಿಂದ ಬಿಸಿ ಮಾಡುತ್ತಿತ್ತು. ಬೆಳಕಿನ ತೊಂದರೆಯನ್ನು ಕಳೆಯಲು ಹೋಗಿ ಶಾಖದ ತೊಂದರೆಯನ್ನು ನಾನೇ ಕಟ್ಟಿದ್ದೆ. ಗಾಬರಿಯಿಲ್ಲದೆ ಗುಂಡಿ ಒತ್ತಿ ಡ್ರೋನ್ ಇಳಿಸಿ, ಐಪ್ಯಾಡನ್ನು ದೋಣಿಯ ನೆರಳಿನಲ್ಲಿಟ್ಟು ಬೀಸಿದೆ. ಅದು ತಣಿಯುವ ಹೊತ್ತಿಗೆ ಜಂತ್ರಡಿಯ ಹೊರಗೆ ನೀರು ಏರಿತ್ತು.

ಜಂತ್ರಡಿ ಕಾಯುವ ಹಿರಿಯರು ಅಂದು ನನ್ನ ಪಕ್ಕದಲ್ಲೇ ಇದ್ದರು. ಮುಚ್ಚಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ತಮಾ, ಇದು ಮಳೆಗೆ ಮಾಡೂ ಕೊಪ್ಪೆ ಆಯ್ತು. ಬಿಸ್ಲಿಗೆ ಕೊಡೆ ಬೇಕು, ಗಾಳಿ ಹೋಗೂ ಹಂಗೆ ಇರ್ಬೇಕು” ಎಂದರು. ಎರಡನೆಯ ಮುಚ್ಚಿಗೆಯನ್ನು ಅವರ ಆ ಮಾತಿನ ಪ್ರಕಾರವೇ ಮಾಡಿದೆ.

ಮಾರ್ಚ್ 2ರಿಂದ 6: ಎರಡನೆಯ ಮುಚ್ಚಿಗೆ

ಈ ಸಲ ಬೆನ್ನನ್ನು ಪೂರ್ತಿ ಬಿಟ್ಟೆ. ಫ್ಲೆಕ್ಸ್ ಬೋರ್ಡ್‌ಗೆ ಬಳಸುವ ಟೊಳ್ಳು ಪ್ಲಾಸ್ಟಿಕ್ ಹಾಳೆಯಿಂದ ಮೂರು ಪಟ್ಟಿ ಕತ್ತರಿಸಿದೆ: ಮೇಲಿನದು 22 ಸೆಂಟಿಮೀಟರ್ ಉದ್ದ, 14 ಅಗಲ, ಪಕ್ಕದ ಎರಡು ತಲಾ 14 ಉದ್ದ, 12 ಅಗಲ. ಹೊರಮೈ ಬಿಳಿ, ಒಳಮೈ ಮಾತ್ರ ಹೊಳಪಿಲ್ಲದ ಕಪ್ಪು ಬಟ್ಟೆ. ಐಪ್ಯಾಡ್‌ನ ಮೇಲಂಚಿಗೂ ಮುಚ್ಚಿಗೆಗೂ ನಡುವೆ ಎರಡು ಸೆಂಟಿಮೀಟರ್ ಸಂದು ಬಿಟ್ಟು ವೆಲ್ಕ್ರೊ ಪಟ್ಟಿಯಿಂದ ಕಟ್ಟಿದೆ. ಬಿಸಿಗಾಳಿ ಆ ಸಂದಿನಿಂದ ಮೇಲೆ ಹೋಗುತ್ತದೆ. ಖರ್ಚು 310 ರೂಪಾಯಿ. ಇದರ ಜೊತೆಗೆ ಹಳೆಯ ಕ್ಯಾಮೆರಾ ಸ್ಟ್ಯಾಂಡ್‌ಗೆ ದೊಡ್ಡ ಬಿಳಿ ಕೊಡೆಯೊಂದನ್ನು ಸಿಕ್ಕಿಸಿದೆ, ಅದಕ್ಕೆ 600 ರೂಪಾಯಿ. ಕೊಡೆ ಒಡ್ಡಿನ ಗಾಳಿಗೆ ಹಾರದಿರಲು ಸ್ಟ್ಯಾಂಡ್‌ನ ಕಾಲಿಗೆ ಮಣ್ಣು ತುಂಬಿದ ಗೊಬ್ಬರದ ಚೀಲ ಕಟ್ಟಬೇಕು.

ಮನೆಯ ಅಂಗಳದಲ್ಲಿ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ನಲವತ್ತು ನಿಮಿಷ ಡ್ರೋನ್‌ಗೆ ಜೋಡಿಸಿಟ್ಟು ನೋಡಿದೆ, ರೆಕ್ಕೆ ಇಲ್ಲದೆ. ಎಚ್ಚರಿಕೆ ಬರಲಿಲ್ಲ.

ನಾಲ್ಕನೆಯ ಇಳಿತ, ಮಾರ್ಚ್ 11 ಮತ್ತು 12

ಒಡ್ಡಿನ ಎತ್ತರವನ್ನು ನಂಬುವಂತೆ ಪಡೆಯಲು ನೆಲದ ಗುರುತುಗಳು ಬೇಕು. ಹಿಂದಿನ ಸಂಜೆ ಹನ್ನೆರಡು ಗೊಬ್ಬರದ ಚೀಲಗಳ ಮೇಲೆ ಕಪ್ಪು ಶಿಲುಬೆ ಬಳಿದು ಒಡ್ಡಿನ ಮೇಲೂ ಗದ್ದೆಯ ಹಾಳಿಯ (ಬದುವಿನ) ಮೇಲೂ ಮೊಳೆ ಹೊಡೆದು ಕೂರಿಸಿದೆವು. ಅವುಗಳ ಪರಸ್ಪರ ಎತ್ತರವನ್ನು ಎತ್ತರದ ವ್ಯತ್ಯಾಸ ಅಳೆಯುವ ಬಾಡಿಗೆಯ ಉಪಕರಣ ಡಂಪಿ ಲೆವೆಲ್‌ನಿಂದ ಅಳೆದೆವು. ಆ ಕೆಲಸದ ವಿವರ ಬೇರೆಯೇ ಬರೆಯುವಷ್ಟಿದೆ.

11ರ ಬೆಳಿಗ್ಗೆ ಎಂಟೂಕಾಲಿಗೆ ಮೊದಲ ತುಂಡು. ಫೆಬ್ರುವರಿಯಲ್ಲಿ ಅದು ಆಗಿತ್ತಾದರೂ ಅಂದು ನೆಲದ ಗುರುತುಗಳಿರಲಿಲ್ಲವಾದ್ದರಿಂದ ಮತ್ತೆ ಹಾರಿಸಿದೆ. ಎಂಟೂ ಐವತ್ತಕ್ಕೆ ಎರಡನೆಯದು. ಪ್ರತಿ ತುಂಡಿನ ನಂತರ ಕೇಬಲ್ ಕಿತ್ತು ಐಪ್ಯಾಡನ್ನು ಕೊಡೆಯ ಕೆಳಗೆ ಹತ್ತು ನಿಮಿಷ ಇಟ್ಟೆ. ಹಾರಾಟದ ಹತ್ತು ನಿಮಿಷವೂ ನಾನು ಪರದೆ ನೋಡುತ್ತ, ತಂಗಿಯ ಮಗ ಆಕಾಶ ನೋಡುತ್ತ ಗರುಡ ಬಂದರೆ ಹೇಳುತ್ತ ನಿಂತೆವು. ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಎರಡನೆಯ ತುಂಡಿನ ಅಂಚಿನಲ್ಲಿದ್ದರು; ಅವರು ಆ ಕಡೆಯ ದಿಬ್ಬಕ್ಕೆ ಹೋಗುವವರೆಗೆ ಕಾದೆವು. ಮರುದಿನ ಮೂರನೆಯ ಮತ್ತು ನಾಲ್ಕನೆಯ ತುಂಡು. ಒಟ್ಟು 826 ಚಿತ್ರ, ಎಚ್ಚರಿಕೆ ಒಂದೂ ಇಲ್ಲ, ಸಂಪರ್ಕ ಒಮ್ಮೆಯೂ ಕಡಿಯಲಿಲ್ಲ. ಚಿತ್ರಗಳು ಉಳಿಯುವುದು ಡ್ರೋನ್‌ನ ಮೆಮೊರಿ ಕಾರ್ಡ್‌ನಲ್ಲಿ, ಟ್ಯಾಬ್ಲೆಟ್‌ನಲ್ಲಲ್ಲ. ಆದ್ದರಿಂದ ಹೆಚ್ಚು ಸಂಗ್ರಹದ ದುಬಾರಿ ಐಪ್ಯಾಡ್ ಈ ಕೆಲಸಕ್ಕೆ ಬೇಕಿಲ್ಲ, 64 ಜಿಬಿಯದು ಧಾರಾಳವಾಗಿ ಸಾಕು.

ನಕ್ಷೆಯನ್ನು ವೆಬ್‌ಒಡಿಎಂ ಎಂಬ ಮುಕ್ತ ತಂತ್ರಾಂಶದಲ್ಲಿ ಜೋಡಿಸಿದೆ. ನನ್ನ ಲ್ಯಾಪ್‌ಟಾಪ್‌ಗೆ 16 ಜಿಬಿ ರ್‍ಯಾಮ್ ಇರುವುದರಿಂದ ಎಲ್ಲ ಚಿತ್ರಗಳನ್ನು ಒಟ್ಟಿಗೆ ಹಾಕದೆ ನಾಲ್ಕು ತುಂಡುಗಳನ್ನು ಬೇರೆ ಬೇರೆಯಾಗಿ, ರಾತ್ರಿಗೊಂದರಂತೆ ನಡೆಸಿದೆ.

ಖರ್ಚಿನ ಲೆಕ್ಕ

ಐಪ್ಯಾಡ್ 24,500, ಅದರ ಗಿಡ್ಡ ಕೇಬಲ್ 650, ಎರಡನೆಯ ಮುಚ್ಚಿಗೆ 310, ಕೊಡೆ 600, ಹುಬ್ಬಳ್ಳಿಗೆ ಹೋಗಿಬಂದ ಖರ್ಚು 900. ಇವು ಉಳಿದ ಖರ್ಚುಗಳು. ತಪ್ಪಿನಿಂದ ಹೋದವು: ಎಂಟು ಇಂಚಿನ ಟ್ಯಾಬ್ಲೆಟ್ ಮಾರಿದಾಗಿನ ನಷ್ಟ 4,300, ಅದರ ಒಳ್ಳೆಯ ಕೇಬಲ್ 450, ಒಟಿಜಿ ಮತ್ತು ಮಾಹಿತಿ ಸಾಗಿಸದ ಕೇಬಲ್ 270, ಮೊದಲ ಮುಚ್ಚಿಗೆ 140. ಒಟ್ಟು 32,120 ರೂಪಾಯಿ, ಅದರಲ್ಲಿ 5,160 ನನ್ನ ಅವಸರದ ಬೆಲೆ. ಫೆಬ್ರುವರಿ ಮೊದಲ ವಾರವೇ ಯಾರದಾದರೂ ಐಪ್ಯಾಡ್ ಎರವಲು ಪಡೆದು ಗಜನಿಯ ಮೇಲೆಯೇ ಬೆಳಿಗ್ಗೆ ಒಂಬತ್ತಕ್ಕೆ ಒಂದು ತುಂಡು ಹಾರಿಸಿದ್ದರೆ ಆ ಹಣವೂ ಎರಡು ಪಕ್ಷವೂ ಉಳಿಯುತ್ತಿದ್ದವು. ಸಂಜೆಯ ಮೈದಾನದಲ್ಲಿ ಮಾಡಿದ ಪರೀಕ್ಷೆಯನ್ನು ನಾನು ಇನ್ನು ಮುಂದೆ ಪರೀಕ್ಷೆ ಎಂದು ಎಣಿಸುವುದಿಲ್ಲ.

ಮಾರ್ಚ್ 19ರಂದು ಎತ್ತರದ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ ಊರಿನ ದೇವಸ್ಥಾನದ ಚಂದ್ರಶಾಲೆಯಲ್ಲಿ ಹರಡಿದೆವು. ಒಡ್ಡಿನಲ್ಲಿ ಏಳು ತಗ್ಗುಗಳು ಕಂಡವು. ನಾವೆಲ್ಲ ಶಂಕಿಸಿದ್ದ ಜಂತ್ರಡಿಯ ಎಡಮಗ್ಗುಲು ಸರಿಯಾಗಿಯೇ ಇದ್ದು, ಅತಿ ದೊಡ್ಡ ತಗ್ಗು ಅಲ್ಲಿಂದ 130 ಮೀಟರ್ ದಕ್ಷಿಣಕ್ಕೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮರೆಯಲ್ಲಿತ್ತು: 11 ಮೀಟರ್ ಉದ್ದ, 34 ಸೆಂಟಿಮೀಟರ್ ಆಳ. ಜಂತ್ರಡಿ ಕಾಯುವ ಹಿರಿಯರು ಅಳತೆಪಟ್ಟಿ ಹಿಡಿದು ಮರುದಿನವೇ ಅಲ್ಲಿಗೆ ಹೋಗಿ ಬಂದರು; ಅವರು ಅಳೆದದ್ದು 36 ಸೆಂಟಿಮೀಟರ್. ಏಪ್ರಿಲ್ ಮೊದಲ ವಾರ ಅಲ್ಲಿಗೇ ಮೊದಲು ಮಣ್ಣು ಹಾಕುವುದೆಂದು ನಿಶ್ಚಯವಾಯಿತು.